ಹಡಗಿನ ಕೊಳವೆಯಲ್ಲಿ ಬಂದ ಆರ್ಡರು

ಯಾರಾದರೂ ನನ್ನ ಹತ್ತಿರ ಬಂದು ತಾವು ಕಂಡ ದೆವ್ವದ ಸಂಗತಿ ಹೇಳಿದರೆ ನಾನು ಬಹಳ ಕಾಲ ಒಂದೇ ರೀತಿ ನಡೆದುಕೊಳ್ಳುತ್ತಿದ್ದೆ. ಆಗ ಗಂಟೆ ಎಷ್ಟಾಗಿತ್ತು, ಹಿಂದಿನ ರಾತ್ರಿ ನಿದ್ದೆ ಸರಿಯಾಗಿತ್ತೋ ಇಲ್ಲವೋ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಬಾಗಿಲ ಚಿಲಕ ಹಾಕಿದ್ದು ನೀವೋ ಬೇರೆಯವರೋ ಎಂದು ಒಂದೊಂದಾಗಿ ಕೇಳುವುದು. ನಾಲ್ಕನೇ ಪ್ರಶ್ನೆಗೆ ಬರುವಷ್ಟರಲ್ಲಿ ಹೆಚ್ಚಿನ ದೆವ್ವಗಳು ಓಡಿಹೋಗುತ್ತಿದ್ದವು. ನಮ್ಮೂರಿನ ದೈವಗಳ ಮಾತು ಬೇರೆ. ಅವಕ್ಕೆ ಅಂದೂ ಕೈಮುಗಿಯುತ್ತಿದ್ದೆ, ಇಂದೂ ಮುಗಿಯುತ್ತೇನೆ. ಆದರೆ ಮುಂಬಯಿಯಲ್ಲಿ ಮನುಷ್ಯರಿಗೇ ಕಾಲೂರಲು ಜಾಗವಿಲ್ಲ, ದೆವ್ವಕ್ಕೆ ಯಾರು ಪಗಡಿಯ ಮುಂಗಡ ಕೊಟ್ಟು ಬಾಡಿಗೆಯ ಖೋಲಿ ಹಿಡಿಯುತ್ತಾರೆ ಎಂದು ನಾನು ಹೇಳಿದರೆ ಕೂತವರೆಲ್ಲ ನಗುತ್ತಿದ್ದರು.

ಈಗ ಬರೆಯಲು ಹೊರಟಿರುವ ಸಂಗತಿಗೆ ಆ ನಾಲ್ಕು ಪ್ರಶ್ನೆಗಳನ್ನೂ ನಾನೇ ನನಗೆ ಕೇಳಿಕೊಂಡಿದ್ದೇನೆ. ಉತ್ತರಗಳು ಇಲ್ಲೇ ಇವೆ. ನೀವೂ ತೂಗಿ ನೋಡಿ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕುಂದಾಪುರದ ಕಡೆಯವನು. ಹದಿಮೂರರ ವಯಸ್ಸಿಗೆ ಮುಂಬಯಿಗೆ ಬಂದು, ಸಾಂತಾಕ್ರೂಜಿನ ಒಂದು ಹೊಟೇಲಿನಲ್ಲಿ ಕಪ್ಪು ಬಸಿ ಎತ್ತಿ, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಹೇಗೋ ಬಿ.ಎಸ್ಸಿ.ಗೆ ಬಂದು ತಲುಪಿದ್ದೆ. ಬೆಳಿಗ್ಗೆ ಏಳರಿಂದ ಕಾಲೇಜು, ಹನ್ನೊಂದೂವರೆಯಿಂದ ಅದೇ ಹೊಟೇಲಿನಲ್ಲಿ ಸಪ್ಲೈಯರ್ ಕೆಲಸ. ಬೆಳಗಿನ ಐದು ಗಂಟೆಗೆ ನನ್ನನ್ನು ಎಬ್ಬಿಸಿ, ಕೈಗೆ ಚಹಾ ಕೊಟ್ಟು, ಲೋಕಲ್ ತಪ್ಪದಂತೆ ಅಟ್ಟುತ್ತಿದ್ದವರು ನಮ್ಮ ಅಡುಗೆಯ ಅನಂತ ಭಟ್ರು. ಉಡುಪಿ ಕಡೆಯವರು, ಐವತ್ತೈದು ದಾಟಿದವರು, ಹಿಂದೆ ಮುಂದೆ ಯಾರೂ ಇಲ್ಲದವರು. ಹೊಟೇಲಿನಲ್ಲಿ ನನ್ನನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಭಟ್ರು ಇಟ್ಟ ಹೆಸರು ‘ಸೈನ್ಸು’. ಆ ಕೊನೆಯ ಅಕ್ಷರವನ್ನು ಅವರು ಎಳೆದು ಕರೆದರೆ ಹಿಂದಿನ ಗಲ್ಲಿಗೂ ಕೇಳುತ್ತಿತ್ತು.

ನನಗೆ ಆಗ ಒಂದೇ ಚಟ, ಹಳೆಯ ಯಂತ್ರಗಳದ್ದು. ಊರೆಲ್ಲ ಟ್ರಾನ್ಸಿಸ್ಟರ್ ಹಿಂದೆ ಬಿದ್ದಿದ್ದಾಗ ನಾನು ಅವರು ಬಿಸಾಡಿದ ವಾಲ್ವ್ ರೇಡಿಯೊಗಳನ್ನು ಹೊತ್ತು ತರುತ್ತಿದ್ದೆ. ಕೀಲಿ ಕೊಡುವ ಗಡಿಯಾರ, ಮುಳ್ಳು ಸಿಕ್ಕಿಬಿದ್ದ ವೋಲ್ಟ್‌ಮೀಟರು, ಕಾರ್ಬೈಡ್ ದೀಪ, ಎಲ್ಲ ಮೈದಾ ಚೀಲಗಳ ಮೇಲಿನ ಹಲಗೆಯಲ್ಲಿ ಸಾಲಾಗಿ ಕೂತಿದ್ದವು. ಹೊಸದನ್ನು ಬಿಚ್ಚಿದರೆ ಒಳಗೆ ಏನು ನಡೆಯುತ್ತದೆಂದು ಕಾಣುವುದಿಲ್ಲ. ಹಳೆಯದನ್ನು ಬಿಚ್ಚಿದರೆ ಕೆಲಸ ಕಣ್ಣಿಗೆ ಕಾಣುತ್ತದೆ. ಮುಂದೆ ಈ ಚಟವೇ ನನ್ನ ಹೊಟ್ಟೆಪಾಡಾಯಿತು. ಹಳೆಯ ಲ್ಯಾಬ್ ಸಾಮಾನು ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿ ಘಾಟ್ಕೋಪರಿನಲ್ಲಿ ಇಟ್ಟೆ. ಹಾಗಾಗಿ ಮಕ್ಕಳಿಗೆ ಇಂಥ ಚಟ ಇದ್ದರೆ ಬಯ್ಯಬೇಡಿ ಎಂದು ತಂದೆ ತಾಯಿಗಳಿಗೆ ಹೇಳುತ್ತಲೇ ಬಂದಿದ್ದೇನೆ.

ನಮ್ಮ ಹೊಟೇಲಿಗೆ ಒಂದು ತೊಂದರೆ ಇತ್ತು. ಗಿರಾಕಿಗಳು ಕೂರುವ ಹಾಲು ರಸ್ತೆಯ ಬದಿಗೆ, ಅಡುಗೆಮನೆ ಹಿಂದಿನ ಗೋಡೌನಿನ ಮಾಳಿಗೆಯ ಮೇಲೆ. ನಡುವೆ ಒಂದು ಕತ್ತಲೆ ಪ್ಯಾಸೇಜು, ಆಮೇಲೆ ಮರದ ಮೆಟ್ಟಿಲು. ಆರ್ಡರ್ ಹೇಳಬೇಕಾದರೆ ಪ್ಯಾಸೇಜಿನ ಬಾಯಲ್ಲಿ ನಿಂತು ಕಿರುಚಬೇಕು. ದಿನವಿಡೀ ‘ಒಂದು ಮಸಾಲೆ, ಎರಡು ಸಾದಾ’ ಕೇಳಿ ಕೇಳಿ ಮೇಲಿನ ಬಾಡಿಗೆದಾರರು ಕಟ್ಟಡದ ಮಾಲೀಕನಿಗೆ ದೂರು ಕೊಟ್ಟರು. ನಮ್ಮ ಧಣಿಗಳು ಕರೆಂಟಿನ ಬೆಲ್ಲು ಹಾಕಿಸುವ ಯೋಚನೆಯಲ್ಲಿದ್ದರು. ಕರೆಂಟೂ ಬೇಡ, ಬ್ಯಾಟರಿಯೂ ಬೇಡ, ನೂರು ವರ್ಷ ಕೆಡದ ಸಾಧನ ನಾನು ತರುತ್ತೇನೆ ಎಂದೆ.

ಹಡಗು ಒಡೆಯುವ ದಾರೂಖಾನಾಕ್ಕೆ ನಾನು ಭಾನುವಾರಗಳಲ್ಲಿ ಹೋಗುತ್ತಿದ್ದೆ. ಹಳೆಯ ಹಡಗುಗಳಲ್ಲಿ ಕಪ್ತಾನ ಮೇಲಿನಿಂದ ಎಂಜಿನ್ ಕೋಣೆಗೆ ಮಾತಾಡಲು ಒಂದು ಲೋಹದ ಕೊಳವೆ ಇರುತ್ತಿತ್ತು. ಎರಡೂ ತುದಿಗೆ ಕಹಳೆಯಂತೆ ಅರಳಿದ ಹಿತ್ತಾಳೆಯ ಬಾಯಿ. ಬಾಯಿಗೆ ಸರಪಳಿ ಕಟ್ಟಿದ ಒಂದು ಬಿರಡೆ, ಬಿರಡೆಯೊಳಗೆ ಸಿಳ್ಳೆ. ಈ ತುದಿಯ ಬಿರಡೆ ತೆಗೆದು ಊದಿದರೆ ಆ ತುದಿಯ ಸಿಳ್ಳೆ ಕೂಗುತ್ತದೆ. ಆ ತುದಿಯವನು ತನ್ನ ಬಿರಡೆ ತೆಗೆದು ಕಿವಿ ಇಡುತ್ತಾನೆ. ಅಷ್ಟೇ. ಅದರಲ್ಲಿ ಕೆಡುವಂಥದ್ದು ಏನೂ ಇಲ್ಲ, ಬರೀ ಗಾಳಿ.

ಗುಜರಿಯವನು ಹೇಳಿದ ಬೆಲೆಯ ಮೂರನೇ ಒಂದು ಭಾಗ ನಾನು ಹೇಳಿದೆ. ಅವನು ‘ಲೇ ಜಾವೊ’ ಎಂದ. ಹಾಗೆ ಮೊದಲ ಮಾತಿಗೇ ಒಪ್ಪುವವನ ಸಾಮಾನನ್ನು ಎರಡು ಸಲ ತಿರುಗಿಸಿ ನೋಡಬೇಕು, ಇದು ನಾನು ಎಲ್ಲರಿಗೂ ಹೇಳುವ ಮಾತು. ಅವತ್ತು ನಾನು ತಿರುಗಿಸಿಯೂ ನೋಡಿದೆ. ಬಿರುಕಿರಲಿಲ್ಲ, ತೂತಿರಲಿಲ್ಲ. ಎರಡು ಬಾಯಿ ಮತ್ತು ನಲವತ್ತು ಅಡಿ ಕೊಳವೆಯನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಬಂದೆ. ಧಣಿಗಳು ನೋಡಿ, ‘ಇದು ಹೊಟೇಲೋ, ಮಂಗಳೂರಿಗೆ ಹೋಗುವ ಸ್ಟೀಮರೋ’ ಎಂದರು. ಒಂದು ಬಾಯಿಯನ್ನು ಹಾಲಿನ ಗೋಡೆಗೆ, ಇನ್ನೊಂದನ್ನು ಅಡುಗೆಮನೆಯ ಕಿಟಕಿಯ ಪಕ್ಕಕ್ಕೆ ಕೂರಿಸಿದೆ. ಭಟ್ರು ಒಂದು ವಾರ ಕೊಳವೆಯ ಹತ್ತಿರ ಬರಲಿಲ್ಲ. ಆಮೇಲೆ ಅವರಿಗೂ ಅಭ್ಯಾಸವಾಯಿತು.

ನಮ್ಮ ಹೊಟೇಲುಗಳ ಕೆಲಸದ ಒಂದು ರೀತಿಯನ್ನು ಇಲ್ಲಿ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗಲಿಕ್ಕಿಲ್ಲ. ಆರ್ಡರ್ ಕೂಗಿದ ಕೂಡಲೇ ಅಡುಗೆಮನೆಯಲ್ಲಿ ಕೇಳಿಸಿಕೊಂಡವನು ಅದನ್ನೇ ತಿರುಗಿ ಹೇಳಬೇಕು. ‘ಎರಡು ಇಡ್ಲಿ ಒಂದು ವಡೆ’ ಎಂದರೆ ‘ಎರಡು ಇಡ್ಲಿ ಒಂದು ವಡೆ’. ತಿರುಗಿ ಹೇಳಿದ ಮೇಲೆ ಅದು ಅಡುಗೆಮನೆಯ ಜವಾಬ್ದಾರಿ. ನಮ್ಮ ಭಟ್ರಿಗೆ ಇದು ವ್ರತವಿದ್ದಂತೆ. ಗಿರಾಕಿ ಎದ್ದು ಹೋಗಿದ್ದರೂ ಸರಿ, ತಿರುಗಿ ಹೇಳಿದ್ದು ಕೆಳಗೆ ಇಳಿಯಲೇಬೇಕು. ಅವರು ಆರ್ಡರನ್ನು ರದ್ದು ಮಾಡಿದ್ದನ್ನು ನಾನು ಕಂಡಿಲ್ಲ. ಹತ್ತು ವರ್ಷ ಈ ಕೆಲಸ ಮಾಡಿದವನ ನಾಲಿಗೆ ತಲೆಯನ್ನು ಕೇಳುವುದಿಲ್ಲ. ಕಿವಿಗೆ ಬಿದ್ದದ್ದು ನೇರ ಬಾಯಿಗೆ ಬರುತ್ತದೆ.

ಅವತ್ತು ಬಂದ್ ಇತ್ತು. ಯಾವುದಕ್ಕಾಗಿ ಎಂದು ಈಗ ನೆನಪಿಲ್ಲ, ಆಗ ಬಂದ್‌ಗಳಿಗೆ ಕೊರತೆ ಇರಲಿಲ್ಲ. ಲೋಕಲ್ ಇಲ್ಲ, ಬಸ್ಸಿಲ್ಲ, ಟ್ಯಾಕ್ಸಿ ಇಲ್ಲ. ಹೊಟೇಲಿನ ಉಳಿದವರೆಲ್ಲ ಹಿಂದಿನ ಸಂಜೆಯೇ ಘಾಟ್ಕೋಪರ್, ಮಲಾಡ್ ಎಂದು ತಮ್ಮ ತಮ್ಮ ಸಂಬಂಧಿಕರ ಮನೆಗೆ ಹೋಗಿದ್ದರು. ಕಾವಲಿಗೆ ನಾವಿಬ್ಬರೇ. ಮುಂದಿನ ಶಟರನ್ನು ಒಳಗಿನಿಂದ ಎಳೆದು ಬೀಗ ಹಾಕಿದವನು ನಾನು. ಪ್ಯಾಸೇಜಿನಿಂದ ಗಲ್ಲಿಗೆ ಹೋಗುವ ಕಬ್ಬಿಣದ ಜಾಲಿಗೂ ಬೀಗ ಹಾಕಿದವನು ನಾನು. ಎರಡೂ ಕೀಲಿ ನನ್ನ ಉಡಿದಾರದಲ್ಲಿದ್ದವು. ಬೆಳಿಗ್ಗೆ ಒಮ್ಮೆ ಹಾಲಿನ ಟೇಬಲುಗಳ ಅಡಿಯಲ್ಲೆಲ್ಲ ಪೊರಕೆ ಆಡಿಸಿದ್ದೆ, ಅಲ್ಲಿ ಬೆಕ್ಕೂ ಇರಲಿಲ್ಲ.

ಭಟ್ರಿಗೆ ಏಕಾದಶಿ. ಅವರದ್ದು ತೊಟ್ಟು ನೀರೂ ಕುಡಿಯದ ಕಟ್ಟುನಿಟ್ಟು. ಅಡುಗೆಮನೆಯ ಹಲಗೆಯ ಮೇಲೆ ಪಂಚೆ ಹೊದ್ದು ಮಲಗಿದ್ದರು. ನನಗೆಂದು ಬೆಳಿಗ್ಗೆಯೇ ಒಂದು ಪಾತ್ರೆ ಅನ್ನ ಮಾಡಿಟ್ಟಿದ್ದರು. ಮಧ್ಯಾಹ್ನ ಅರ್ಧ ಉಂಡು, ಉಳಿದದ್ದನ್ನು ರಾತ್ರಿಗೆ ಮುಚ್ಚಿಟ್ಟಿದ್ದೆ. ಪರೀಕ್ಷೆ ಹತ್ತಿರವಿತ್ತು. ಕಿಟಕಿಯ ಬಳಿ ಕೂತು ಬೆಳಕಿನ ಪಾಠ ಓದುತ್ತಿದ್ದೆ. ಮುಂಬಯಿಯ ಸದ್ದು ನಿಂತರೆ ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಕಿವಿಗೆ ಹತ್ತಿ ತುರುಕಿದಂತೆ ಇರುತ್ತದೆ. ಎಲ್ಲೋ ದೂರದ ಕಟ್ಟಡದಲ್ಲಿ ಯಾರೋ ಮಸಾಲೆ ಕುಟ್ಟುತ್ತಿದ್ದರು, ಅದೂ ನಿಂತಿತು. ಗಡಿಯಾರದಲ್ಲಿ ಮೂರು ಹೊಡೆದು ಸ್ವಲ್ಪ ಹೊತ್ತಾಗಿತ್ತು. ಬಿಸಿಲು ಸುಡುತ್ತಿತ್ತು, ಎಲೆಯೂ ಅಲ್ಲಾಡುತ್ತಿರಲಿಲ್ಲ.

ಕೊಳವೆಯ ಸಿಳ್ಳೆ ಕೂಗಿತು.

ಹಿಂದಿನ ರಾತ್ರಿ ನಿದ್ದೆ ಸರಿಯಾಗಿಯೇ ಆಗಿತ್ತು, ಆದರೂ ನನಗೆ ತೂಕಡಿಕೆ ಬಂದಿತ್ತು, ಒಪ್ಪಿಕೊಳ್ಳುತ್ತೇನೆ. ಕೈ ತನ್ನಷ್ಟಕ್ಕೇ ಹೋಯಿತು. ಬಿರಡೆ ಎಳೆದೆ, ‘ಹ್ಞಾಂ, ಹೇಳಿ’ ಎಂದೆ. ಕೆಳಗಿನಿಂದ ಒಬ್ಬ ಗಂಡಸಿನ ಧ್ವನಿ ಬಂತು. ‘ಒಂದು ಗಂಜಿ. ಮಾವಿನ ಮಿಡಿ.’ ನಮ್ಮ ಕಡೆಯದೇ ಕನ್ನಡ. ಸಿಟ್ಟಿಲ್ಲ, ಅವಸರವಿಲ್ಲ, ದೂರದಿಂದ ನಡೆದು ಬಂದು ಕೂತವನ ಧ್ವನಿ. ‘ಒಂದು ಗಂಜಿ, ಮಾವಿನ ಮಿಡಿ’ ಎಂದು ನಾನು ಗಟ್ಟಿಯಾಗಿ ತಿರುಗಿ ಹೇಳಿದೆ.

ಹೇಳಿದ ಮೇಲೆ ಎಚ್ಚರವಾಯಿತು. ನಮ್ಮ ಹೊಟೇಲಿನಲ್ಲಿ ಗಂಜಿ ಇಲ್ಲ. ಕೆಳಗೆ ಮನುಷ್ಯರೂ ಇಲ್ಲ. ಕೈಯನ್ನು ಉಡಿದಾರಕ್ಕೆ ಒಯ್ದೆ, ಎರಡೂ ಕೀಲಿ ಅಲ್ಲೇ ಇದ್ದವು.

ಭಟ್ರು ಎದ್ದು ಕೂತಿದ್ದರು. ‘ಗಂಜಿ ಯಾರಿಗಾ?’ ಎಂದರು.

‘ಗೊತ್ತಿಲ್ಲ ಭಟ್ರೇ. ಕೆಳಗಿಂದ ಹೇಳಿದ್ರು.’

‘ಕೆಳಗೆ ಯಾರಿದ್ದಾರೆ?’

‘ಯಾರೂ ಇಲ್ಲ.’

‘ಮತ್ತೆ ತಿರುಗಿ ಹೇಳಿದ್ದು ಎಂತಕ್ಕೆ ಮಾರಾಯ?’

ಅಭ್ಯಾಸ ಎಂದೆ. ಭಟ್ರು ನನ್ನ ಮುಖವನ್ನು ಸುಮಾರು ಹೊತ್ತು ನೋಡಿದರು. ನಾನು ನಗಲು ಹೋದೆ, ಬರಲಿಲ್ಲ. ಯಾರೋ ಕಳ್ಳ ಒಳಗೆ ಹೊಕ್ಕಿರಬೇಕು, ಸಟ್ಟುಗ ಹಿಡಿದು ಹೋಗಿ ನೋಡುತ್ತೇನೆ ಎಂದೆ. ‘ಕಳ್ಳ ಗಂಜಿ ಕೇಳ್ತಾನಾ? ನೀನು ಕೂತ್ಕೋ’ ಎಂದು ಅವರು ಎದ್ದು ಸ್ಟವ್ ಹಚ್ಚಿದರು. ನನ್ನ ರಾತ್ರಿಯ ಅನ್ನವನ್ನೇ ನೀರು ಹಾಕಿ ಕುದಿಸಿದರು. ಮೇಲಿನ ಭರಣಿ ಇಳಿಸಿ ಒಂದು ಮಿಡಿ ತೆಗೆದರು. ಹತ್ತು ನಿಮಿಷ ಹಿಡಿದಿರಬಹುದು. ಅಷ್ಟೂ ಹೊತ್ತು ಅವರು ಒಂದೂ ಮಾತಾಡಲಿಲ್ಲ. ಸುಮ್ಮನೆ ಕೆಲಸ ಮಾಡುವ ಜನ ಅಲ್ಲ ಅವರು, ಉಪ್ಪು ಹಾಕುವಾಗಲೂ ಯಾರನ್ನಾದರೂ ಗೇಲಿ ಮಾಡುತ್ತಲೇ ಹಾಕುವವರು.

‘ಬೇಡ ಭಟ್ರೇ. ಬಾಗಿಲು ಹಾಕಿ ಕೂರುವ’ ಎಂದೆ.

‘ಹೇಳಿ ಆಯ್ತಲ್ಲ’ ಎಂದರು. ಮೆಟ್ಟಿಲ ಬಳಿ ನಿಂತು, ತಟ್ಟೆ ಎರಡೂ ಕೈಯಲ್ಲಿ ಹಿಡಿದುಕೊಂಡು, ತಿರುಗಿ ನೋಡದೆ ಇನ್ನೊಂದು ಮಾತು ಹೇಳಿದರು. ‘ನಾನು ಕರೆದ್ರೆ ಬಾ.’

ಅವರು ಇಳಿದು ಹೋದರು. ನಾನು ಮೆಟ್ಟಿಲ ತುದಿಯಲ್ಲಿ ನಿಂತು ಕೇಳಿದೆ. ಪ್ಯಾಸೇಜಿನಲ್ಲಿ ಅವರ ಬರಿಗಾಲ ಸದ್ದು ಹೋಯಿತು, ಹಾಲಿನ ಸ್ಪ್ರಿಂಗ್ ಬಾಗಿಲು ತೆರೆದು ಮುಚ್ಚಿತು, ಆಮೇಲೆ ಏನೂ ಇಲ್ಲ. ಆ ಬಾಗಿಲು ಮುಚ್ಚಿದರೆ ಹಾಲಿನ ಮಾತು ಮೆಟ್ಟಿಲಿಗೆ ಬರುವುದಿಲ್ಲ, ಅದಕ್ಕೇ ಅಲ್ಲವೇ ಕೊಳವೆ ತಂದದ್ದು. ನಾನು ಹೋಗಿ ಕೊಳವೆಗೆ ಕಿವಿ ಇಟ್ಟೆ. ಕುತೂಹಲ ಎಂದರೆ ಏನೆಂದು ಸೈನ್ಸ್ ಓದಿದವರಿಗೆ ಹೇಳಬೇಕಿಲ್ಲ. ಭಯವಾದಾಗಲೂ ಅದು ಬಿಡುವುದಿಲ್ಲ.

ತಟ್ಟೆಯನ್ನು ಕಲ್ಲಿನ ಟೇಬಲಿನ ಮೇಲೆ ಇಟ್ಟ ಸದ್ದು ಕೇಳಿತು. ಕುರ್ಚಿ ಎಳೆದ ಸದ್ದು. ‘ಬಿಸಿ ಉಂಟು, ನಿಧಾನ’ ಎಂದರು ಭಟ್ರು. ಆಮೇಲೆ ಗಂಜಿ ಸುರಿದು ಉಣ್ಣುವ ಸೊರ್ ಸೊರ್ ಸದ್ದು, ಹಸಿದವರು ಉಣ್ಣುವ ಹಾಗೆ, ಉಸಿರು ಬಿಡದೆ.

ಆಮೇಲೆ ಭಟ್ರ ಧ್ವನಿ ಮಾತ್ರ, ನಡುನಡುವೆ ನಿಂತು. ಯಾರೋ ಕೇಳುತ್ತಿದ್ದಾರೆ, ಇವರು ಉತ್ತರ ಹೇಳುತ್ತಿದ್ದಾರೆ. ಆದರೆ ಕೇಳುವವರ ಧ್ವನಿ ನನಗೆ ಬರುತ್ತಿರಲಿಲ್ಲ.

‘ಊರು ಬಿಟ್ಟು ಮೂವತ್ತು ವರ್ಷ ಆಯ್ತು.’

‘ಇಲ್ಲ. ಯಾರೂ ಉಳಿದಿಲ್ಲ.’

ಸ್ವಲ್ಪ ಹೊತ್ತು ಬರೀ ಉಣ್ಣುವ ಸದ್ದು. ಆಮೇಲೆ, ‘ಮೇಲೆಯಾ? ಮೇಲೆ ಯಾರೂ ಇಲ್ಲ. ನಾನೊಬ್ಬನೇ.’

ನನ್ನ ಕೈ ಕೊಳವೆಯ ಬಾಯಿಗೆ ಅಂಟಿಕೊಂಡ ಹಾಗಾಯಿತು. ತೆಗೆಯಬೇಕೆಂದರೂ ಆಗಲಿಲ್ಲ. ಉಣ್ಣುವ ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ ಭಟ್ರು ಹೇಳಿದರು, ಮಕ್ಕಳಿಗೆ ಸಮಾಧಾನ ಹೇಳುವ ಧ್ವನಿಯಲ್ಲಿ: ‘ಅವ ಅಲ್ಲ. ತಿರುಗಿ ಹೇಳಿದ್ದು ನಾನೇ.’

ಅಷ್ಟೇ. ಮತ್ತೆ ಮಾತಿಲ್ಲ. ಕೊಳವೆಯೊಳಗೆ ಗಾಳಿಯ ಸದ್ದು ಕೂಡ ಇಲ್ಲ. ಓಡಿಹೋಗಲು ದಾರಿ ಇರುವುದು ಕೆಳಗಿನ ಪ್ಯಾಸೇಜಿನಲ್ಲೇ ಎಂಬುದು ಆಗ ಹೊಳೆಯಿತು.

‘ಸೈನ್ಸೂ...’

ಕಿವಿಯೊಳಗೇ ಬಂದ ಹಾಗೆ. ಭಟ್ರ ಧ್ವನಿಯೇ. ಬೆಳಿಗ್ಗೆ ಐದಕ್ಕೆ ಎಬ್ಬಿಸುವಾಗ ಎಳೆಯುತ್ತಿದ್ದರಲ್ಲ, ಅದೇ ಎಳೆತ. ‘ಹ್ಞಾಂ’ ಎನ್ನಲು ನಾಲಿಗೆ ಎದ್ದೇ ಬಿಟ್ಟಿತ್ತು. ಆ ಕ್ಷಣದಲ್ಲಿ ನನ್ನ ತಾಯಿ ನೆನಪಾದರು. ನಮ್ಮ ಕಡೆ ಮಕ್ಕಳಿಗೆ ಹೇಳುತ್ತಾರೆ, ಕಾಣದ ಕಡೆಯಿಂದ ಯಾರಾದರೂ ಹೆಸರು ಕರೆದರೆ ಮೊದಲ ಕರೆಗೆ ಓಗೊಡಬಾರದು, ಎರಡಕ್ಕೂ ಕೊಡಬಾರದು, ಮೂರು ಸಲ ಕರೆದರೆ ಮಾತ್ರ ಮನುಷ್ಯರು. ಹೊಟೇಲಿಗೆ ಬಂದ ಮೊದಲ ವರ್ಷವೇ ನಾನು ಇದನ್ನು ಮರೆತಿದ್ದೆ. ಮೂರನೇ ಕರೆಯವರೆಗೆ ಕಾದು ಓಗೊಟ್ಟರೆ ಹೊಟೇಲಿನಲ್ಲಿ ಕೆಲಸ ಉಳಿಯುವುದಿಲ್ಲ. ಈಗ ಹಲ್ಲು ಕಚ್ಚಿ ನಾಲಿಗೆಯನ್ನು ಹಿಡಿದೆ.

‘ಸೈನ್ಸೂ...’

ಎರಡನೆಯದು. ಮೊದಲಿನದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅದೇ ಎತ್ತರ, ಅದೇ ಉದ್ದ. ಭಟ್ರು ‘ಕರೆದರೆ ಬಾ’ ಎಂದಿದ್ದರು. ಎರಡು ಸಲ ಕರೆದರು. ಕೆಳಗೆ ಅವರಿಗೆ ಏನಾಗುತ್ತಿದೆಯೋ ಗೊತ್ತಿಲ್ಲ. ಇನ್ನೊಂದು ಸಲ ಕರೆಯಲಿ, ಇನ್ನೊಂದೇ ಸಲ, ಮೆಟ್ಟಿಲನ್ನು ಹಾರಿ ಇಳಿಯುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ನಿಂತೆ.

ಮೂರನೆಯದು ಬರಲಿಲ್ಲ.

ನಾನು ಬಿರಡೆಯನ್ನು ಒತ್ತಿ ಮುಚ್ಚಿ, ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಎಷ್ಟು ಹೊತ್ತು ಎಂದು ಕೇಳಿದರೆ ಗಡಿಯಾರ ನೋಡಿಯೇ ಹೇಳುತ್ತೇನೆ, ಇಪ್ಪತ್ತೈದು ನಿಮಿಷ. ಅದಕ್ಕಿಂತ ಮೊದಲು ನಾನು ಏಳಲಿಲ್ಲ. ಇದನ್ನು ಮುಚ್ಚಿಟ್ಟು ಬರೆಯಬಹುದಿತ್ತು. ಆದರೆ ಮಾಲಿನ ದೋಷ ಮುಚ್ಚಿ ಮಾರುವ ಅಭ್ಯಾಸ ನನಗಿಲ್ಲ.

ಕಡೆಗೆ ಸಟ್ಟುಗ ಹಿಡಿದು ಕೆಳಗಿಳಿದೆ. ಪ್ಯಾಸೇಜಿನ ಜಾಲಿಯ ಬೀಗ ಹಾಕಿದ ಹಾಗೆಯೇ ಇತ್ತು. ಹಾಲಿನಲ್ಲಿ ಶಟರಿನ ಸಂದಿಯಿಂದ ಬಿಸಿಲಿನ ಗೆರೆಗಳು ಬಿದ್ದಿದ್ದವು. ಭಟ್ರು ಕುರ್ಚಿಯಲ್ಲಿ ಕೂತಿದ್ದರು. ಅಡುಗೆಯವರು ಗಿರಾಕಿಯ ಕುರ್ಚಿಯಲ್ಲಿ ಕೂರುವುದಿಲ್ಲ, ಹೊಟೇಲು ಮುಚ್ಚಿದ ಮೇಲೂ ಕೂರುವುದಿಲ್ಲ. ಅವರು ಹಾಗೆ ಕೂತದ್ದನ್ನು ನಾನು ಅದೊಂದೇ ಸಲ ಕಂಡದ್ದು. ಎದುರಿನ ಕುರ್ಚಿಯೂ ಹೊರಗೆ ಎಳೆದಿತ್ತು. ಅದರ ಮುಂದೆ ತಟ್ಟೆ, ನೆಕ್ಕಿದ ಹಾಗೆ ಖಾಲಿ. ಅಂಚಿನಲ್ಲಿ ಚೀಪಿ ಬಿಳುಚಿದ ಮಿಡಿಯ ಗೊರಟು. ಭಟ್ರ ಮೈಯೆಲ್ಲ ಬೆವರು, ತುಟಿ ಮಾತ್ರ ಒಣಗಿ ಬಿರಿದಿತ್ತು.

‘ಯಾರು ಉಂಡದ್ದು ಭಟ್ರೇ?’

‘ನಾನೇ.’

‘ಇವತ್ತು ಏಕಾದಶಿ.’

ಅವರು ಎದ್ದು, ತಟ್ಟೆ ತೆಗೆದುಕೊಂಡು ಹೋಗಿ ತಾವೇ ತೊಳೆದರು. ನಾನು ಎಲ್ಲ ಟೇಬಲುಗಳ ಅಡಿ, ಗಲ್ಲಾದ ಹಿಂದೆ, ನೀರಿನ ಡ್ರಮ್ಮಿನ ಸಂದು, ಶಟರಿನ ಬೀಗ, ಎಲ್ಲ ನೋಡಿದೆ. ಕಡೆಗೆ ಕೊಳವೆಯ ಕೆಳಗಿನ ಬಾಯಿ ನೋಡಿದೆ. ಬಿರಡೆ ಬಿಗಿಯಾಗಿ ಕೂತಿತ್ತು, ಸರಪಳಿ ನೇರ ಜೋತಿತ್ತು. ಬೆಳಿಗ್ಗೆ ಪೊರಕೆ ಆಡಿಸುವಾಗ ಆ ಬಿರಡೆ ಹಾಕಿದವನು ನಾನೇ. ಭಟ್ರನ್ನು ಕೇಳಿದೆ. ಅದನ್ನು ತಾವು ಮುಟ್ಟಲೇ ಇಲ್ಲ ಎಂದರು.

ಮರುದಿನ ಹೊಟೇಲು ತೆರೆದ ಮೇಲೆ ನಾನು ಪ್ರಯೋಗ ಮಾಡಿದೆ. ಬಿರಡೆ ಹಾಕಿದ ಕೊಳವೆಯ ಮುಂದೆ ಜೊತೆಯ ಸಪ್ಲೈಯರನನ್ನು ಕೂರಿಸಿ ಪೇಪರ್ ಓದಿಸಿದೆ. ಸಿಳ್ಳೆಯ ತೂತಿನಿಂದ ಸ್ವಲ್ಪ ಗುಂಯ್‌ಗುಟ್ಟುವುದು ಕೇಳುತ್ತದೆ, ಒಂದು ಶಬ್ದವೂ ಬಿಡಿಯಾಗಿ ತಿಳಿಯುವುದಿಲ್ಲ. ಬಿರಡೆ ತೆಗೆಯದೆ ಊದಿದರೆ ಮೇಲಿನ ಸಿಳ್ಳೆ ಕೂಗುವುದೇ ಇಲ್ಲ. ಎಂಟು ದಿನ ಬೇರೆ ಬೇರೆ ಹೊತ್ತಿನಲ್ಲಿ ನೋಡಿದೆ. ಗಾಳಿಗೆ ಕೂಗುತ್ತದೋ ಎಂದು ಫ್ಯಾನ್ ಹಿಡಿದೂ ನೋಡಿದೆ. ಹಗಲು ಹತ್ತು ಜನರ ನಡುವೆ ಮಾಡಿದ ಪ್ರಯೋಗಗಳು ಇವು. ಒಬ್ಬನೇ ಆ ಕೊಳವೆಯ ಮುಂದೆ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ರಾತ್ರಿ ಮಲಗಲು ಘಾಟ್ಕೋಪರಿನ ಗೆಳೆಯನ ಚಾಳಿಗೆ ಹೋಗತೊಡಗಿದೆ. ಒಂದು ತಿಂಗಳಾದ ಮೇಲೆ ಧಣಿಗಳಿಗೆ ಕರೆಂಟಿನ ಬೆಲ್ಲೇ ಒಳ್ಳೆಯದು ಎಂದು ಹೇಳಿ, ಕೊಳವೆ ಬಿಚ್ಚಿ, ಗಲ್ಲಿಗೆ ಬಂದ ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಅವನು ಹೇಳಿದ ಬೆಲೆಗೆ. ನನ್ನ ಜೀವನದಲ್ಲಿ ಚೌಕಾಸಿ ಮಾಡದೆ ಮಾರಿದ್ದು ಅದೊಂದೇ.

ವಿವರಣೆಗಳನ್ನು ನಾನು ಹುಡುಕಿಲ್ಲವೆಂದಲ್ಲ. ತೂಕಡಿಕೆಯಲ್ಲಿ ಕನಸು ಕಂಡು ಆರ್ಡರು ಹೇಳಿದವನು ನಾನೇ ಇರಬಹುದು. ಉಪವಾಸದಲ್ಲಿ ತಲೆ ತಿರುಗಿ, ಇಲ್ಲದವರ ಜೊತೆ ಮಾತಾಡಿ, ಗಂಜಿ ಉಂಡವರು ಭಟ್ರೇ ಇರಬಹುದು. ಬೇರೆ ಯಾರಾದರೂ ಹೇಳಿದ್ದರೆ ನಾನೇ ಈ ಉತ್ತರ ಕೊಟ್ಟು ಕೈ ತೊಳೆಯುತ್ತಿದ್ದೆ. ಆದರೆ ಮುಚ್ಚಿದ ಕೊಳವೆಯಲ್ಲಿ ಅಷ್ಟು ಸ್ಪಷ್ಟವಾಗಿ ಮಾತು ಮೇಲೆ ಬಂದದ್ದು ಹೇಗೆ ಎನ್ನುವಲ್ಲಿಗೆ ಬಂದಾಗ ನಿಲ್ಲುತ್ತೇನೆ.

ಆ ದಿನದ ನಂತರ ಭಟ್ರು ಬದಲಾದರು ಎಂದು ಬೇರೆ ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಗೇಲಿ ಮಾಡುತ್ತಿದ್ದರು, ಉಪ್ಪಿಟ್ಟು ಅಷ್ಟೇ ರುಚಿಯಾಗಿತ್ತು. ನನ್ನ ಮೇಲೆ ಸಿಟ್ಟೂ ಇರಲಿಲ್ಲ. ಚಾಳಿನಿಂದ ತಿರುಗಿ ಬಂದ ಮೇಲೆ ಐದು ಗಂಟೆಗೆ ಎಬ್ಬಿಸುವುದನ್ನೂ ಮುಂದುವರಿಸಿದರು. ಆದರೆ ಕರೆದು ಅಲ್ಲ. ಹಲಗೆಯ ಮೇಲೆ ಸೌಟಿನಿಂದ ಎರಡು ಸಲ ಬಡಿಯುತ್ತಿದ್ದರು. ನನ್ನನ್ನು ‘ಸೈನ್ಸು’ ಎಂದು ಮತ್ತೆ ಯಾವತ್ತೂ ಕರೆಯಲಿಲ್ಲ. ವರ್ಷ ತುಂಬುವ ಮೊದಲು ಮಲಾಡಿನ ಬೇರೆ ಹೊಟೇಲಿಗೆ ಹೋದರು.

ಆರು ವರ್ಷ ಕಳೆಯಿತು. ನಾನು ಡಿಗ್ರಿ ಮುಗಿಸಿ, ಅಂಗಡಿ ಇಟ್ಟು, ನಾಲ್ಕು ಜನ ಸಲಹೆ ಕೇಳುವ ಮಟ್ಟಕ್ಕೆ ಬಂದಿದ್ದೆ. ಭಟ್ರು ಊರಿಗೆ ಹೊರಟು ನಿಂತಿದ್ದಾರೆ, ಮತ್ತೆ ಬರುವುದಿಲ್ಲವಂತೆ ಎಂದು ಸುದ್ದಿ ಬಂತು. ಮಲಾಡಿಗೆ ಹೋದೆ. ಸ್ಟೇಷನ್ನಿನ ಹತ್ತಿರದ ಹೊಟೇಲಿನ ಹಿಂಬದಿಯಲ್ಲಿ, ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನ ಶರ್ಟು ಬೂಟು ನೋಡಿ, ‘ದೊಡ್ಡ ಸಾಹೇಬ ಆಗಿದ್ದಿ ಮಾರಾಯ, ತುರಿಮಣೆ ಹಳೆಯದುಂಟು, ಕೊಂಡುಕೊಳ್ತಿಯಾ’ ಎಂದರು. ಇಬ್ಬರೂ ನಕ್ಕೆವು. ಆ ನಗುವಿನ ಧೈರ್ಯದಲ್ಲೇ ನಾನು ಕೇಳಿದೆ.

‘ಅವತ್ತು ಬಂದದ್ದು ಯಾರು ಭಟ್ರೇ?’

ಅವರು ಆಶ್ಚರ್ಯಪಡಲಿಲ್ಲ. ತುರಿಯುತ್ತಲೇ, ‘ಯಾರೋ ಹಸಿದವರು. ಉಂಡು ಹೋದರು’ ಎಂದರು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ ಎನ್ನುವುದು ಧ್ವನಿಯಲ್ಲಿ ಇತ್ತು.

ಆರು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನು ಆಗ ಹೇಳಿದೆ. ‘ಕರೆದರೆ ಬಾ ಎಂದಿದ್ದಿರಿ. ನಾನು ಬರಲಿಲ್ಲ. ನೀವು ಎರಡು ಸಲ ಕರೆದದ್ದು ಕೇಳಿತ್ತು. ಮೂರನೆಯದಕ್ಕೆ ಕಾಯುತ್ತಾ ನಿಂತೆ.’

ತುರಿಯುವ ಕೈ ನಿಂತಿತು. ಭಟ್ರು ತಲೆ ಎತ್ತಿ ನನ್ನನ್ನು ನೋಡಿದರು. ಅಂದು ಅಡುಗೆಮನೆಯಲ್ಲಿ ನೋಡಿದ್ದರಲ್ಲ, ಅದೇ ನೋಟ.

‘ನಾನು ಕರೆದದ್ದು ಒಂದೇ ಸಲ’ ಎಂದರು.

ಆಮೇಲೆ ಅವರೇ ಕೇಳಿದರು, ‘ಯಾವುದಕ್ಕೂ ಓಗೊಡಲಿಲ್ಲ ಅಲ್ಲವಾ?’

‘ಇಲ್ಲ.’

‘ಹ್ಞೂಂ’ ಎಂದು ಮತ್ತೆ ತುರಿಯತೊಡಗಿದರು. ಆ ಒಂದು ಉಸಿರಿನಲ್ಲಿ ಇದ್ದದ್ದು ಸಮಾಧಾನವೋ, ಬೇಸರವೋ, ನನಗೆ ತಿಳಿಯಲಿಲ್ಲ. ಒಳ್ಳೆಯದಾಯಿತು ಎಂದು ಅವರು ಹೇಳಲಿಲ್ಲ. ಯಾಕೆ ಬರಲಿಲ್ಲ ಎಂದೂ ಕೇಳಲಿಲ್ಲ. ಒಂದು ಲೋಟ ಚಹಾ ತರಿಸಿ ಕುಡಿಸಿ ಕಳಿಸಿದರು. ಊರಿಗೆ ಹೋದ ಎರಡನೇ ವರ್ಷ ತೀರಿಕೊಂಡರು ಎಂದು ಆಮೇಲೆ ಕೇಳಿದೆ.

ನನಗೆ ಲೆಕ್ಕ ಹಾಕದೆ ಇರಲು ಬರುವುದಿಲ್ಲ. ಈಗಲೂ ಹಾಕುತ್ತೇನೆ. ಮೊದಲನೆಯ ಕರೆ ಭಟ್ರದ್ದಾಗಿದ್ದರೆ, ಎರಡನೆಯದು ಅದನ್ನು ಕೇಳಿಸಿಕೊಂಡು ಕಲಿತದ್ದು. ಎರಡನೆಯದು ಭಟ್ರದ್ದಾಗಿದ್ದರೆ, ಅದಕ್ಕೂ ಮೊದಲು ಕರೆದದ್ದಕ್ಕೆ ನನ್ನ ಹೆಸರು ಹೇಗೆ ಗೊತ್ತಾಯಿತು? ಮೇಲೆ ಯಾರೂ ಇಲ್ಲ ಎಂದು ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಭಟ್ರದ್ದು ಮೊದಲನೆಯದು ಎಂದು ಕೆಲವು ದಿನ ಅನ್ನಿಸುತ್ತದೆ, ಎರಡನೆಯದು ಎಂದು ಕೆಲವು ದಿನ. ಎರಡೂ ಕರೆಗಳು ಕಿವಿಯಲ್ಲಿ ಹಾಗೇ ಇವೆ, ಬೇಕಾದಾಗ ಪಕ್ಕಪಕ್ಕ ಇಟ್ಟು ಕೇಳಬಲ್ಲೆ. ಕೂದಲೆಳೆಯ ವ್ಯತ್ಯಾಸವೂ ಸಿಕ್ಕಿಲ್ಲ.

ಅವತ್ತು ಯಾತಕ್ಕಾಗಿ ಕರೆದಿರಿ ಎಂದು ಮಲಾಡಿನಲ್ಲಿ ನಾನು ಕೇಳಲಿಲ್ಲ. ಕೇಳಬೇಕೆಂದು ಬಾಯಿ ತೆರೆದದ್ದು ನೆನಪಿದೆ. ಎರಡರಲ್ಲಿ ಒಂದಂತೂ ಅವರದ್ದು, ಆ ಒಂದಕ್ಕೆ ನಾನು ಹೋಗಲಿಲ್ಲ.